ಕೂಸು ತಾಯಿಯ ಮಡಿಲಲ್ಲೇ ಬೆಳೆಯಲಿ

ವಾಚನ: ವಿಮೋಚನಾಕಾಂಡ 2:1–10

ಮೋಶೆಯ ಕಥೆ ನಮಗೆಲ್ಲ ತಿಳಿದದ್ದೇ. ಹೆತ್ತ ಕೂಸನ್ನು ಬಚ್ಚಿಟ್ಟುಕೊಳ್ಳಲಾಗದ ತಾಯಿ ಅದನ್ನು ಆಪಿನ ಪೆಟ್ಟಿಗೆಯಲ್ಲಿಟ್ಟು ನದಿಯ ದಡದಲ್ಲಿ ಬಿಟ್ಟಳು. ಫರೋಹನ ಮಗಳು ಕಂಡು ಕನಿಕರಪಟ್ಟಳು. ಮುಂದಿನ ಮಾತನ್ನು ಮಾತ್ರ ನಾವು ಗಮನಿಸದೆ ದಾಟಿಬಿಡುತ್ತೇವೆ. ಕೂಸು ಮರಳಿ ಹೆತ್ತ ತಾಯಿಯ ಕೈಗೇ ಬಂತು. ಹಾಲುಣಿಸಿ ಸಾಕುವುದಕ್ಕೆ ಆಕೆಗೆ ಸಂಬಳವೂ ಗೊತ್ತಾಯಿತು! ಕೂಸನ್ನು ಉಳಿಸಬೇಕಾದರೆ ತಾಯಿಗೆ ನೆರವಾಗಬೇಕು. ಇದೇ ಇಂದಿನ ಪಾಠ.

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ತೆಲಂಗಾಣದ ಗಡಿಯಲ್ಲಿರುವ ಕಾಡಿನ ಊರು. ಸುತ್ತಲಿನ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ತಾಂಡಾಗಳಲ್ಲಿ ಮಳೆಯನ್ನೇ ನಂಬಿದ ಸಣ್ಣ ಹೊಲಗಳು. ತೊಗರಿಯ ರಾಶಿ ಮುಗಿದರೆ ಹಲವು ಮನೆಗಳಿಗೆ ಬೀಗ. ಹೈದರಾಬಾದ್, ಪುಣೆ, ಮುಂಬೈಗಳಿಗೆ ಗುಳೆ. ಮಕ್ಕಳು ತಂದೆತಾಯಿಯ ಬೆನ್ನು ಹತ್ತಿ ಹೋಗುತ್ತಾರೆ, ಇಲ್ಲವೇ ಅಜ್ಜಿಯ ಬಳಿ ಉಳಿಯುತ್ತಾರೆ. ಇಂಥ ಮನೆಯಲ್ಲಿ ತಂದೆ ತೀರಿಹೋದರೆ, ಮತ್ತೊಂದು ಹೆಣ್ಣುಕೂಸು ಹುಟ್ಟಿದರೆ, ತಾಯಿಯ ಧೈರ್ಯ ಕುಸಿಯುತ್ತದೆ.

ಆ ಗಳಿಗೆಯನ್ನೇ ಕಾಯುವವರಿದ್ದಾರೆ. ಗಡಿಯಾಚೆ, ಆಗಿನ ಆಂಧ್ರಪ್ರದೇಶದ ಲಂಬಾಣಿ ತಾಂಡಾಗಳಿಂದ ಹೆಣ್ಣುಕೂಸುಗಳನ್ನು ಕೊಂಡು ದತ್ತು ಕೇಂದ್ರಗಳಿಗೆ ಸಾಗಿಸುತ್ತಿದ್ದ ಜಾಲ 1999ರಲ್ಲಿ, ಮತ್ತೆ 2001ರಲ್ಲಿ ಬಯಲಿಗೆ ಬಂತು. ಆ ತಾಯಂದಿರಿಗೆ ಕರುಳಿರಲಿಲ್ಲವೆಂದು ಯಾರೂ ಹೇಳಬಾರದು. ನೆರವಿನ ಕೈ ತಲುಪುವ ಮೊದಲೇ ದಲ್ಲಾಳಿ ಬಾಗಿಲಿಗೆ ಬಂದಿದ್ದ, ಅಷ್ಟೇ.

ಇನ್ನೊಂದು ದಾರಿ ನಮಗೆ ಹೆಚ್ಚು ಪರಿಚಿತ. “ಫಾದರ್, ಈ ಮಗುವನ್ನು ಎಲ್ಲಾದರೂ ಅನಾಥಾಲಯಕ್ಕೆ ಸೇರಿಸಿಬಿಡಿ.” ಮಾತಿನ ಹಿಂದಿರುವುದು ಒಳ್ಳೆಯ ಮನಸ್ಸೇ. ಆದರೆ ತಾಯಿ ಬದುಕಿರುವ ಮಗು ಅನಾಥವೇ? 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ಮಕ್ಕಳನ್ನು ಹೆತ್ತು ಸಾಕಲು ಸಮಾಜದ ನೆರವು ಪಡೆಯುವುದು ಕುಟುಂಬದ ಹಕ್ಕೆಂದು ಧರ್ಮಸಭೆಯೂ 1983ರ ಕುಟುಂಬ ಹಕ್ಕುಗಳ ಸನ್ನದಿನಲ್ಲಿ ಸಾರಿದೆ. ಹಕ್ಕು ಎಂದಿದೆ, ಭಿಕ್ಷೆ ಎಂದಲ್ಲ.

ಹಾಗಾದರೆ ಯಾವ ನೆರವು ಎಲ್ಲಿ ಸಿಗುತ್ತದೆ?

1. ಅಂಗನವಾಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆ ಇದು. ಆರು ವರ್ಷದೊಳಗಿನ ಮಕ್ಕಳಿಗೆ ಪೂರಕ ಆಹಾರ, ತೂಕ ನೋಡುವುದು, ಶಾಲಾಪೂರ್ವ ಕಲಿಕೆ ಇಲ್ಲಿವೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೂ ಬಿಸಿಯೂಟ. ಗುಳೆ ಹೋಗುವಾಗ ತಾಯಿ ಕಾರ್ಡನ್ನು ಜೊತೆಗೇ ಒಯ್ಯಬೇಕು. ಹೋದ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಮುಂದುವರಿಸಲು ಅದು ಬೇಕು.

2. ತೀರ ಬಡಕಲಾದ ಮಗು. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ತಡಮಾಡದೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿಯೂ ಮಗುವಿನೊಡನೆ ಉಳಿಯಬಹುದು.

3. ಪ್ರಾಯೋಜಕತ್ವ. ಮೋಶೆಯ ತಾಯಿಗೆ ಸಿಕ್ಕ ಸಂಬಳವನ್ನು ನೆನಪಿಸುವ ನೆರವು ಇದು. ಮಿಷನ್ ವಾತ್ಸಲ್ಯದಡಿ ತಿಂಗಳಿಗೆ ಮಗುವೊಂದಕ್ಕೆ ₹4,000. ತಾಯಿ ವಿಧವೆಯಾಗಿದ್ದರೆ, ಗಂಡ ಬಿಟ್ಟವಳಾಗಿದ್ದರೆ, ತಂದೆತಾಯಿ ಮಾರಕ ರೋಗಕ್ಕೆ ತುತ್ತಾಗಿದ್ದರೆ, ಅಥವಾ ತಬ್ಬಲಿ ಮಗು ಬಂಧುಗಳ ಮನೆಯಲ್ಲಿದ್ದರೆ ಕೇಳಬಹುದು. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ ₹72,000 ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

4. ಮಕ್ಕಳ ಕಲ್ಯಾಣ ಸಮಿತಿ. ಸಾಕಲು ಸಾಧ್ಯವೇ ಇಲ್ಲವೆಂದಾಗ ತಾಯಿ ಕೂಸನ್ನು ಈ ಸಮಿತಿಯ ಮುಂದೆ ತರಬಹುದು. ಸಮಿತಿ ವಿಚಾರಿಸಿ, ತಿಳಿಹೇಳಿ, ಒಪ್ಪಿಸುವ ಪತ್ರವಾದ ಮೇಲೂ ಮನಸ್ಸು ಬದಲಿಸಲು ಎರಡು ತಿಂಗಳ ಕಾಲ ಕೊಡುತ್ತದೆ. ಬೇರೆಯವರ ಕೈಗೆ ಹಣಕ್ಕೆ ಕೊಟ್ಟರೆ, ಕೊಟ್ಟವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ. ಮಗು ಅಪಾಯದಲ್ಲಿದ್ದರೆ ಹಗಲೂ ರಾತ್ರಿಯೂ 1098ಕ್ಕೆ ಕರೆಮಾಡಿ, ಹಣ ಬೇಕಿಲ್ಲ.

“ಯೋಜನೆಗಳು ಕಾಗದದ ಮೇಲಿವೆ, ತಾಂಡಾಕ್ಕೆ ಬರುವುದಿಲ್ಲ” ಎನ್ನುವವರಿದ್ದಾರೆ. ಮಾತಿನಲ್ಲಿ ನಿಜವೂ ಇದೆ. ಆಧಾರ್, ಜನನ ಪತ್ರ, ಗಂಡನ ಮರಣ ಪತ್ರ, ಬ್ಯಾಂಕ್ ಪುಸ್ತಕ ಇಷ್ಟನ್ನು ಹೊಂದಿಸಿಕೊಂಡು, ಒಂದು ದಿನದ ಕೂಲಿ ಬಿಟ್ಟು, ಕಲಬುರಗಿಯ ಕಚೇರಿಯ ಬಾಗಿಲಲ್ಲಿ ನಿಲ್ಲುವುದು ಓದುಬರಹ ಬಾರದ ತಾಯಿಗೆ ಸುಲಭವಲ್ಲ. ಇಲ್ಲೇ ಮೋಶೆಯ ಅಕ್ಕನನ್ನು ನೆನೆಯಬೇಕು. ಅವಳ ಬಳಿ ಹಣವಿರಲಿಲ್ಲ, ಅಧಿಕಾರವಿರಲಿಲ್ಲ. ದೂರ ನಿಂತು ಕಣ್ಣಿಟ್ಟು ನೋಡಿದಳು. ಸಮಯಕ್ಕೆ ಸರಿಯಾಗಿ ಮುಂದೆ ಬಂದು ಒಂದು ಮಾತಾಡಿದಳು. ಅರಮನೆಗೂ ಗುಡಿಸಲಿಗೂ ನಂಟು ಬೆಸೆದವಳು ಅವಳೇ. ಅರ್ಜಿ ಬರೆದುಕೊಡುವುದು, ಜೊತೆಗೆ ಬಸ್ಸು ಹತ್ತುವುದು, ತಿಂಗಳು ಬಿಟ್ಟು ಮತ್ತೆ ವಿಚಾರಿಸುವುದು ನಮ್ಮಿಂದಲೂ ಆಗುತ್ತದೆ.

ಕುಟುಂಬದಲ್ಲಿ ಚರ್ಚಿಸಿ:

ನಮ್ಮ ಓಣಿಯಲ್ಲಿ ಒಬ್ಬಂಟಿಯಾಗಿ ಮಕ್ಕಳನ್ನು ಸಾಕುತ್ತಿರುವ ತಾಯಿ ಯಾರು? ಅವರಿಗೆ ಸಿಗಬೇಕಾದ ಯಾವ ನೆರವು ಇನ್ನೂ ಸಿಕ್ಕಿಲ್ಲ? ಈ ವಾರ ಅವರ ಜೊತೆ ಕಚೇರಿಗೆ ಹೋಗುವವರು ನಮ್ಮಲ್ಲಿ ಯಾರು?