ದೊಡ್ಡ ನಾಯಿಯನ್ನು ದತ್ತು ತರುವ ಮುನ್ನ ನಮ್ಮೂರಿನ ಬಿಸಿಲು ನೆನೆಯಿರಿ

2022ರಲ್ಲಿ ‘777 ಚಾರ್ಲಿ’ ಸಿನಿಮಾ ನೋಡಿ ಬಂದ ಎಷ್ಟೋ ಮಕ್ಕಳು ಲ್ಯಾಬ್ರಡಾರ್ ಮರಿ ಬೇಕೆಂದು ಹಟ ಹಿಡಿದರು. ಆ ಕಥೆಯ ಚಾರ್ಲಿ ದುಡ್ಡು ಕೊಟ್ಟು ತಂದ ಮರಿಯಲ್ಲ, ಮರಿ ಮಾರುವವನ ಹಿಂಸೆ ತಾಳದೆ ಓಡಿಬಂದ ನಾಯಿ ಎಂಬುದು ಮಾತ್ರ ನೆನಪಿನಲ್ಲಿ ಉಳಿಯಲಿಲ್ಲ. ತೊಡೆ ಏರಿ ಮಲಗುತ್ತಿದ್ದ ಮರಿ ವರ್ಷ ತುಂಬುವಷ್ಟರಲ್ಲಿ 30 ಕಿಲೋ ತೂಗುತ್ತದೆ. ಬಾಡಿಗೆ ಮನೆಯ ಮಾಲೀಕರು ತಕರಾರು ತೆಗೆಯುತ್ತಾರೆ, ಯಜಮಾನರಿಗೆ ಬೇರೆ ಊರಿಗೆ ವರ್ಗವಾಗುತ್ತದೆ, ಕೊನೆಗೆ ಊರಾಚೆ ಯಾವುದೋ ಡಾಬಾದ ಹತ್ತಿರ ನಾಯಿಯನ್ನು ಇಳಿಸಿ ಹೋಗುತ್ತಾರೆ. ಹೀಗೆ ಬೀದಿಗೆ ಬಿದ್ದ ದೊಡ್ಡ ನಾಯಿಗಳಲ್ಲಿ ಎಷ್ಟೋ ಸಾಧು ಸ್ವಭಾವದವು. ಅಂಥದ್ದಕ್ಕೆ ಮನೆ ಕೊಡಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರು ಮನಸ್ಸು ಮಾಡಿದ್ದರೆ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಏಪ್ರಿಲ್–ಮೇ ತಿಂಗಳ ಬಿಸಿಲನ್ನು.

ಯಾವ ನಾಯಿ?

ಸೇಂಟ್ ಬರ್ನಾರ್ಡ್, ಹಸ್ಕಿ ಹಿಮದ ನಾಡಿನ ನಾಯಿಗಳು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಹಗಲಿಡೀ ಏಸಿ ಇಲ್ಲದ ಮನೆಗೆ ಅವನ್ನು ತರಬೇಡಿ. ಎಷ್ಟೇ ಕನಿಕರ ಬಂದರೂ ತರಬೇಡಿ. ಗ್ರೇಟ್ ಡೇನ್ ಕೂದಲು ಗಿಡ್ಡ, ಸ್ವಭಾವ ಮೆದು. ಆದರೆ ತೂಕ 50 ಕಿಲೋ ಮೀರುತ್ತದೆ, ಆಯಸ್ಸು ಎಂಟು–ಹತ್ತು ವರ್ಷ. ಲ್ಯಾಬ್ರಡಾರ್ ಸಾಮಾನ್ಯವಾಗಿ 10ರಿಂದ 12 ವರ್ಷ ಬದುಕುತ್ತದೆ, ನೆರಳು ನೀರು ಇದ್ದರೆ ನಮ್ಮಲ್ಲಿ ಬಾಳುತ್ತದೆ.

ಇವೆಲ್ಲಕ್ಕಿಂತ ನಮ್ಮ ಹವೆಗೆ ಒಗ್ಗಿದ್ದು ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ಎತ್ತರ ಸುಮಾರು 70 ಸೆಂಟಿಮೀಟರ್, ತೂಕ 30 ಕಿಲೋದೊಳಗೆ, ಮೈಮೇಲೆ ತೆಳು ಕೂದಲು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಹೆಸರೆತ್ತಿದ ಮೇಲೆ ಇದು ದೇಶಕ್ಕೆಲ್ಲ ಪರಿಚಯವಾಯಿತು. ಹೊಗಳಿಕೆ ಕೇಳಿ ಮರಿ ತಂದವರಲ್ಲಿ ಕೆಲವರು ಅದರ ಓಟಕ್ಕೆ ಜಾಗ ಕೊಡಲಾರದೆ ಕೈಬಿಟ್ಟಿದ್ದೂ ಉಂಟು. ಮನೆಯವರೊಂದಿಗೆ ಇದು ಮಗುವಿನಂತೆ. ಹೊರಗಿನವರು ಮೈ ಮುಟ್ಟಿದರೆ ಮಾತ್ರ ಸೇರುವುದಿಲ್ಲ. ಕಣ್ಣೆದುರು ಓಡುವುದನ್ನೆಲ್ಲ ಬೆನ್ನಟ್ಟುವುದು ಇದರ ರಕ್ತದಲ್ಲೇ ಇದೆ. ಕುರಿ ಹಿಂಡು ಓಡಾಡುವ ಕುಷ್ಟಗಿ ಕಡೆಯಲ್ಲಿ ಹಗ್ಗ ಬಿಚ್ಚಿ ಬಿಟ್ಟರೆ ಕುರಿಗಾರರೊಂದಿಗೆ ಜಗಳ ಗ್ಯಾರಂಟಿ.

ತಳಿ ಯಾವುದಾದರೂ ಸರಿ, ಎರಡು ವರ್ಷ ದಾಟಿದ್ದನ್ನೇ ಆರಿಸಿ ಎಂಬುದು ನನ್ನ ಖಚಿತ ಸಲಹೆ. ಬೆಳೆದ ನಾಯಿಯ ಗಾತ್ರ, ಗುಣ ಎರಡೂ ಕಣ್ಣೆದುರೇ ಇರುತ್ತವೆ.

ಎಲ್ಲಿ ಹುಡುಕುವುದು?

ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಹೇಳಿಡಿ. ಯಾರ ಮನೆಯ ನಾಯಿ ಬೇಡವಾಗಿದೆ ಎಂಬ ಸುದ್ದಿ ಡಾಕ್ಟರ ಕಿವಿಗೆ ಬೇಗ ಬೀಳುತ್ತದೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ ಸಂಸ್ಥೆಯು ಮನೆಯವರು ಬಿಟ್ಟುಹೋದ ತಳಿ ನಾಯಿಗಳಿಗೆಂದೇ ‘ಸೆಕೆಂಡ್ ಚಾನ್ಸ್’ ದತ್ತು ಕೇಂದ್ರ ನಡೆಸಿದೆ. ನಮ್ಮಷ್ಟು ದೂರದ ಊರಿಗೆ ಕೊಡುತ್ತಾರೆಯೇ ಎಂದು ಹೊರಡುವ ಮುನ್ನವೇ ಫೋನ್ ಮಾಡಿ ಕೇಳಿ. ರೈಲಿನ ಸ್ಲೀಪರ್, ಥ್ರೀ ಟಯರ್ ಬೋಗಿಗಳಲ್ಲಿ ನಾಯಿಗೆ ಅವಕಾಶವಿಲ್ಲ. ಫಸ್ಟ್ ಏಸಿಯ ಇಡೀ ಕೂಪೆ ಕಾಯ್ದಿರಿಸಬೇಕು, ಇಲ್ಲವೇ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಹೆದರಿದ ನಾಯಿಗೆ ಆ ಪೆಟ್ಟಿಗೆ ಬೇಡ. ರಾತ್ರಿ ಹೊತ್ತು ಕಾರಿನಲ್ಲಿ ತನ್ನಿ.

ನೋಡಲು ಹೋದಾಗ ನಾಯಿಯನ್ನು ಹಗ್ಗ ಹಿಡಿದು ಸ್ವಲ್ಪ ನಡೆಸಿ. ಹಿಂಗಾಲು ಎಳೆಯುತ್ತಿದೆಯೇ, ಏಳುವಾಗ ತಡವರಿಸುತ್ತಿದೆಯೇ ಗಮನಿಸಿ. ದೊಡ್ಡ ತಳಿಗಳಲ್ಲಿ ಸೊಂಟದ ಕೀಲಿನ ತೊಂದರೆ ಹೆಚ್ಚು. ಅದು ತಿನ್ನುತ್ತಿರುವಾಗ ಪಕ್ಕದಲ್ಲಿ ಹಾದುಹೋಗಿ. ಗುರುಗುಟ್ಟಿದರೆ ಪುಟ್ಟ ಮಕ್ಕಳಿರುವ ಮನೆಗೆ ಅದು ಬೇಡ. ಮಕ್ಕಳು, ಬೆಕ್ಕು, ದನಗಳ ಜತೆ ಹೇಗಿತ್ತು, ಯಾಕೆ ಬಿಟ್ಟರು, ಯಾವ ಲಸಿಕೆ ಆಗಿದೆ ಎಂದು ಕೇಳಿ, ಲಸಿಕೆ ಪುಸ್ತಕ ಕೈಗೆ ತೆಗೆದುಕೊಳ್ಳಿ.

ಮನೆ ಅಣಿಯಾಗಲಿ

ಯಲಬುರ್ಗಾ, ಕುಷ್ಟಗಿ ಹಳ್ಳಿಗಳ ಮೇಲ್ಮುದ್ದೆ ಮನೆಗಳು ಈ ವಿಷಯದಲ್ಲಿ ಪುಣ್ಯ ಮಾಡಿವೆ. ಮಣ್ಣಿನ ಮಾಳಿಗೆ, ಕೆಳಗೆ ಪರಸಿ ಕಲ್ಲು. ನಡುಹಗಲಲ್ಲೂ ನಾಯಿ ಹೊಟ್ಟೆ ಊರಿ ತಣ್ಣಗೆ ಮಲಗುತ್ತದೆ. ತಗಡಿನ ಶೆಡ್ಡಿನಲ್ಲಿ ಮಾತ್ರ ಕಟ್ಟಬೇಡಿ. ಹೊಸ ಮನೆಯ ನುಣುಪು ಟೈಲ್ಸ್ ಮೇಲೆ ಭಾರದ ನಾಯಿ ಜಾರಿ ಕಾಲು ಕೆಡಿಸಿಕೊಳ್ಳುತ್ತದೆ, ಅದು ಓಡಾಡುವ ದಾರಿಗೆ ಹಳೆಯ ಕೌದಿ ಹಾಸಿ. ನೆರಳಿನಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರಿಡಿ.

ಬೇಸಿಗೆಯಲ್ಲಿ ವಾಕಿಂಗ್ ಬೆಳಗಿನ ಏಳರೊಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ. ಡಾಂಬರಿನ ಮೇಲೆ ಏಳು ಸೆಕೆಂಡು ಅಂಗೈ ಊರಿ ನೋಡಿ. ನಿಮ್ಮ ಕೈ ತಾಳದಿದ್ದರೆ ಅದರ ಪಾದವೂ ತಾಳದು. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ತಡೆಯಿಲ್ಲದೆ ಏದುಸಿರು, ಅಂಟಂಟು ಜೊಲ್ಲು, ಕಡುಗೆಂಪು ಒಸಡು, ತೂರಾಟ ಕಂಡರೆ ಬಿಸಿಲು ಬಡಿದಿದೆ ಎಂದೇ ತಿಳಿಯಿರಿ. ನೆರಳಿಗೆ ಎಳೆದು, ಹೊಟ್ಟೆ ಮತ್ತು ತೊಡೆಸಂದಿಗೆ ತಣ್ಣೀರು ಸುರಿಯುತ್ತ, ಫ್ಯಾನ್ ಗಾಳಿ ಹಾಕಿ, ಆಮೇಲೆ ಡಾಕ್ಟರ ಹತ್ತಿರ ಓಡಿ. ಮೊದಲು ತಂಪು, ನಂತರ ಪ್ರಯಾಣ.

ಗಂಗಾವತಿಯವರಿಗೆ ಇನ್ನೆರಡು ಎಚ್ಚರಿಕೆ. ಔಷಧಿ ಹೊಡೆದ ಭತ್ತದ ಗದ್ದೆಯ ನೀರು, ಗೋದಾಮುಗಳಲ್ಲಿಟ್ಟ ಇಲಿ ಪಾಷಾಣ ಎರಡೂ ನಾಯಿಯ ಜೀವಕ್ಕೆ ಎರವು. ಆನೆಗುಂದಿ ಗುಡ್ಡಗಳ ಸುತ್ತ ಚಿರತೆಗಳ ಓಡಾಟವಿದೆ. ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಅವಕ್ಕೆ ಸುಲಭದ ತುತ್ತು. ಒಳಗೆ ಮಲಗಿಸಿಕೊಳ್ಳಿ.

ಮೊದಲ ವಾರಗಳು

ಗವಿಮಠದ ಜಾತ್ರೆ, ದೀಪಾವಳಿ, ಮನೆಯಲ್ಲಿ ಮದುವೆ ಇರುವ ವಾರ ತರಬೇಡಿ. ಬಂದ ನಾಯಿ ಎರಡು ಮೂರು ದಿನ ಮಂಚದ ಕೆಳಗೇ ಇರಬಹುದು, ಅನ್ನ ಮುಟ್ಟದೆಯೂ ಇರಬಹುದು. ಎಳೆಯಬೇಡಿ. ಒಬ್ಬರೇ ಹತ್ತಿರ ನೆಲದ ಮೇಲೆ ಓರೆಯಾಗಿ ಕುಳಿತು, ಕಣ್ಣಲ್ಲಿ ಕಣ್ಣಿಡದೆ, ಬೇಯಿಸಿದ ಮೊಟ್ಟೆಯ ಚೂರನ್ನು ಅಂಗೈಯಲ್ಲಿಟ್ಟು ಕಾಯಿರಿ. ಮೂಗು ಮುಂದೆ ಬರುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಬರುತ್ತದೆ. ತಿಂದ ಮೇಲೆ ತಲೆ ಸವರಲು ಕೈ ಎತ್ತಬೇಡಿ. ಪೆಟ್ಟು ತಿಂದ ನಾಯಿಗೆ ಎತ್ತಿದ ಕೈ ಎಂದರೆ ಹೊಡೆತವೇ. ಎದೆಯ ಕೆಳಗಿನಿಂದ ಸವರಿ. ಪೂರಾ ಹೊಂದಿಕೊಳ್ಳಲು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ನೆಂಟರಿಷ್ಟರಿಗೆ ತೋರಿಸುವ ಉತ್ಸಾಹ ಬೇಡ, ಮಕ್ಕಳ ಜತೆ ಒಂಟಿಯಾಗಿ ಬಿಡುವುದೂ ಬೇಡ.

30 ಕಿಲೋ ತೂಕದ ನಾಯಿಗೆ ಒಣ ಆಹಾರವಾದರೆ ದಿನಕ್ಕೆ 300ರಿಂದ 400 ಗ್ರಾಂ, ಎರಡು ಹೊತ್ತಿಗೆ ಹಂಚಿ. ರೊಟ್ಟಿ, ಅನ್ನದ ಜತೆ ಮೊಟ್ಟೆಯೋ ಬೇಯಿಸಿದ ಕೋಳಿಯೋ ಇರಲೇಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ವಿಷ. ಆದ್ದರಿಂದ ಪಲ್ಯ ಕಲಸಿದ ರೊಟ್ಟಿ ಹಾಕಬೇಡಿ. ಉಂಡ ಕೂಡಲೇ ಓಡಿಸಬೇಡಿ. ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಹೊರಬರದಿದ್ದರೆ ಜಠರ ತಿರುಚಿಕೊಂಡಿರಬಹುದು, ಅದಕ್ಕೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕು. ಇಂಥ ಹೊತ್ತಿಗೆ ಎಲ್ಲಿಗೆ ಒಯ್ಯಬೇಕು, ಗದಗಿನ ಪಶುವೈದ್ಯಕೀಯ ಕಾಲೇಜಿಗೋ ಬೇರೆಡೆಗೋ ಎಂದು ನಿಮ್ಮ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ತಂದ ವಾರದಲ್ಲೇ ಪಶು ಆಸ್ಪತ್ರೆಗೆ ಒಯ್ಯಿರಿ. ರೇಬೀಸ್ ಲಸಿಕೆ ಪ್ರತಿ ವರ್ಷ ತಪ್ಪಬಾರದು. ಉಣ್ಣಿ ಕಚ್ಚಿ ಬರುವ ಜ್ವರ ನಮ್ಮಲ್ಲಿ ಹೆಚ್ಚು, ರಕ್ತ ಪರೀಕ್ಷೆ ಮಾಡಿಸಿ. ಸಂತಾನಹರಣ ಮಾಡಿಸುವಾಗ ಮುಧೋಳವಾದರೆ ಅದನ್ನು ಬಾಯಿಬಿಟ್ಟು ಹೇಳಿ. ಮೈಯಲ್ಲಿ ಕೊಬ್ಬಿಲ್ಲದ ಈ ಬಗೆಯ ನಾಯಿಗಳಿಗೆ ಅರಿವಳಿಕೆ ಜೋಪಾನವಾಗಿ ಕೊಡಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಹಲ್ಲು ತಾಗಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಹೊಂದಿಕೆಯಾಗುವುದಿಲ್ಲ. ಆಗ ಕೊಟ್ಟವರಿಗೇ ಫೋನ್ ಮಾಡಿ ವಾಪಸ್ ಒಪ್ಪಿಸಿ; ತರುವಾಗಲೇ ಈ ಮಾತನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.