ರಾಜ್ಯೋತ್ಸವದಂದು ದುಡಿದರೆ ಸಂಬಳ ಎಷ್ಟು?

ಪ್ರಶ್ನೆ: ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ಆಗಿದ್ದೇನೆ. ನವೆಂಬರ್ 1ರಂದು ವ್ಯಾಪಾರ ಜೋರಿರುತ್ತದೆಂದು ಎಲ್ಲರನ್ನೂ ಕರೆಸಿಕೊಂಡರು. ಆ ದಿನದ ದುಡ್ಡು ಕೇಳಿದರೆ, "ಗುರುವಾರ ರಜೆ ಕೊಟ್ಟಿದ್ದೆನಲ್ಲ, ಲೆಕ್ಕ ಸರಿಹೋಯಿತು" ಅನ್ನುತ್ತಾರೆ ಸಾಹುಕಾರರು. ಹೀಗೆ ಮಾಡಬಹುದೇ?

ಉತ್ತರ: ಮಾಡುವಂತಿಲ್ಲ. ಗುರುವಾರದ್ದು ನಿಮ್ಮ ವಾರದ ರಜೆ. ಅದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಿಂದ ಬಂದದ್ದು. ಅದಕ್ಕಾಗಿ ಸಂಬಳ ಹಿಡಿಯುವಂತಿಲ್ಲ. ರಾಜ್ಯೋತ್ಸವದ ರಜೆ ಕೊಟ್ಟಿರುವುದು ಬೇರೆಯೇ ಕಾಯ್ದೆ, 1963ರ ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ ಕಾಯ್ದೆ. ಅದರ ಪೂರ್ತಿ ಹೆಸರಿನಲ್ಲಿ 'ಕೈಗಾರಿಕಾ ಸಂಸ್ಥೆ' ಎಂಬ ಮಾತು ಇರುವುದರಿಂದ ಕಾರ್ಖಾನೆಗಳಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅಂಗಡಿಗಳೂ ಅದರೊಳಗೇ ಬರುತ್ತವೆ.

ಈ ಕಾಯ್ದೆ ವರ್ಷಕ್ಕೆ ಹತ್ತು ದಿನ ಸಂಬಳ ಸಹಿತ ರಜೆ ಕೊಡುತ್ತದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬದ ದಿನ. ಬ್ಯಾಂಕು, ಸರ್ಕಾರಿ ಕಚೇರಿಗಳ ರಜಾಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ಈ ಹತ್ತರಲ್ಲಿ ಯಾವ ರಜೆಯಂದು ಕೆಲಸ ಮಾಡಿಸಿಕೊಂಡರೂ ಎರಡೇ ದಾರಿ. ಒಂದೋ ಆ ದಿನಕ್ಕೆ ದುಪ್ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಬದಲಿಯಾಗಿ ಇನ್ನೊಂದು ದಿನ ಸಂಬಳ ಸಹಿತ ರಜೆ. ತಿಂಗಳಿಗೆ 15,600 ರೂಪಾಯಿ ಸಂಬಳ ಅಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ರಜೆಯ ದಿನದ 600 ತಿಂಗಳ ಸಂಬಳದಲ್ಲೇ ಸೇರಿದೆ. ದುಡಿದಿದ್ದಕ್ಕೆ ಇನ್ನೊಂದು 600 ಬರಬೇಕು. ಬದಲಿ ರಜೆ ಕೊಡುವುದಾದರೆ ಅದು ಗುರುವಾರ ಅಲ್ಲದ ದಿನವೇ ಆಗಬೇಕು. ಮೊದಲೇ ನಿಮ್ಮದಾಗಿದ್ದ ರಜೆಯನ್ನು ತೋರಿಸಿ ಬದಲಿ ಕೊಟ್ಟೆ ಅನ್ನುವುದು ನ್ಯಾಯವಲ್ಲ.

ಸೀರೆ ಅಂಗಡಿ, ಹೋಟೆಲು, ಔಷಧಿ ಅಂಗಡಿಗಳಲ್ಲಿ ಈ ಹಕ್ಕು ಸದ್ದಿಲ್ಲದೆ ಕಳೆದುಹೋಗುವುದು ಕಂಡಾಗ ನನಗೆ ಸಂಕಟವಾಗುತ್ತದೆ. ಊರೆಲ್ಲ ಹಬ್ಬ ಮಾಡುವಾಗ ಕೌಂಟರಿನ ಹಿಂದೆ ನಿಂತವರಿಗೆ ಸಲ್ಲಬೇಕಾದ ಕೂಲಿ ಇದು, ಯಾರ ಉಪಕಾರವೂ ಅಲ್ಲ.

ಮೊದಲು ಸಾಹುಕಾರರ ಹತ್ತಿರ ಕಾಯ್ದೆಯ ಹೆಸರು ಹೇಳಿ ಸಮಾಧಾನವಾಗಿ ಕೇಳಿ, ಗೊತ್ತಿಲ್ಲದೆ ತಪ್ಪಿರಲೂಬಹುದು. ಒಪ್ಪದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ. ನವೆಂಬರ್ 1ರ ನಿಮ್ಮ ಹಾಜರಿಯ ಫೋಟೊ ಒಂದನ್ನು ಇವತ್ತೇ ತೆಗೆದಿಟ್ಟುಕೊಳ್ಳಿ.