ತರಗತಿಯಲ್ಲಿ ತಂಟೆಯೋ, ತೊಂದರೆಯೋ?

'ನಿಮ್ಮ ಮಗ ಪಾಠ ಕೇಳುವುದಿಲ್ಲ, ಪಕ್ಕದವರನ್ನು ಹೊಡೆಯುತ್ತಾನೆ' ಎಂದು ಶಾಲೆಯಿಂದ ದೂರು ಬಂದರೆ ಮನೆಯಲ್ಲಿ ಏನಾಗುತ್ತದೆ? ತಂದೆ ಗದರುತ್ತಾರೆ, ತಾಯಿ ಬೇಸರಪಡುತ್ತಾರೆ, ಅಜ್ಜಿ 'ಗಂಡುಮಕ್ಕಳು ಹಾಗೆಯೇ' ಎನ್ನುತ್ತಾರೆ. ಮಗು ಹಾಗೇಕೆ ಮಾಡಿತು ಎಂದು ಯೋಚಿಸುವವರು ಮಾತ್ರ ಕಡಿಮೆ.

ತಂಟೆ ಮಾಡದ ಮಕ್ಕಳಿಲ್ಲ. ಹೊಸ ಶಾಲೆಗೆ ಸೇರಿದಾಗ, ಮನೆಯಲ್ಲಿ ಸಾವು ಸಂಭವಿಸಿದಾಗ, ತಂಗಿಯೋ ತಮ್ಮನೋ ಹುಟ್ಟಿದಾಗ ಮಗು ಕೆಲವು ವಾರ ಹಟ ಮಾಡುವುದು ಸಹಜ. ಆದರೆ ಅದೇ ವರ್ತನೆ ತಿಂಗಳುಗಟ್ಟಲೆ ಮುಂದುವರಿದು, ಕಲಿಕೆಗೂ ಗೆಳೆತನಕ್ಕೂ ಅಡ್ಡಿಯಾದರೆ ಅದನ್ನು ಭಾವನಾತ್ಮಕ ತೊಂದರೆಯ ಸೂಚನೆಯೆಂದು ತಿಳಿಯಬೇಕು.

ಗದ್ದಲದ ಮಗು, ಮೌನದ ಮಗು

ಈ ತೊಂದರೆ ತರಗತಿಯಲ್ಲಿ ಎರಡು ಬಗೆಯಾಗಿ ಕಾಣಿಸುತ್ತದೆ. ಒಂದು, ಹೊರಮುಖವಾದದ್ದು: ಹೊಡೆದಾಟ, ಎದುರು ಮಾತು, ಕುಳಿತಲ್ಲಿ ಕೂರದಿರುವುದು, ವಸ್ತುಗಳನ್ನು ಎಸೆಯುವುದು. ಇಂತಹ ಮಗು ಮೊದಲ ದಿನವೇ ಶಿಕ್ಷಕರ ಕಣ್ಣಿಗೆ ಬೀಳುತ್ತದೆ.

ಇನ್ನೊಂದು, ಒಳಮುಖವಾದದ್ದು. ಈ ಮಗು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತದೆ, ಆಟಕ್ಕೆ ಸೇರುವುದಿಲ್ಲ, ಪ್ರಶ್ನೆ ಕೇಳಿದರೆ ಬೆವರುತ್ತದೆ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಬರುತ್ತದೆ, ಭಾನುವಾರ ಇರುವುದಿಲ್ಲ. ಆ ನೋವು ನಾಟಕವಲ್ಲ. ಆತಂಕದಿಂದ ಹೊಟ್ಟೆ ನಿಜವಾಗಿಯೂ ನೋಯುತ್ತದೆ. 'ಬಹಳ ಒಳ್ಳೆಯ ಮಗು, ತಂಟೆಯೇ ಇಲ್ಲ' ಎಂಬ ಹೊಗಳಿಕೆಯ ಮರೆಯಲ್ಲಿ ಈ ಮಗುವಿನ ಕಷ್ಟ ವರ್ಷಗಟ್ಟಲೆ ಉಳಿದುಬಿಡಬಹುದು.

ಶಿಕ್ಷೆಯೇ ಬಹುಮಾನವಾದಾಗ

ಮೂರನೆಯ ತರಗತಿಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಕನ್ನಡ ಪಾಠವನ್ನು ಗಟ್ಟಿಯಾಗಿ ಓದಲು ಹೇಳಿದಾಗಲೆಲ್ಲ ಅವನು ಪುಸ್ತಕ ಎಸೆಯುತ್ತಾನೆ. ಶಿಕ್ಷಕರು ಅವನನ್ನು ಹೊರಗೆ ನಿಲ್ಲಿಸುತ್ತಾರೆ. ಎಲ್ಲರಿಗೂ ಇದು ಶಿಕ್ಷೆ. ಆದರೆ ಅಕ್ಷರ ಕೂಡಿಸಲು ಬಾರದ ಅವನಿಗೆ, ನಲವತ್ತು ಜನರ ಮುಂದೆ ನಗೆಪಾಟಲಾಗುವುದರಿಂದ ಸಿಕ್ಕ ಬಿಡುಗಡೆ! ನಾಳೆಯೂ ಅವನು ಪುಸ್ತಕ ಎಸೆಯುತ್ತಾನೆ.

ಆದ್ದರಿಂದ ವರ್ತನೆಯೊಂದನ್ನೇ ನೋಡಬೇಡಿ. ಅದರ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಎಂಬ ಮೂರನ್ನೂ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ಪಾಠದಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನೂ ಗುರುತಿಸಿ. ಮಗು ಏನನ್ನು ತಪ್ಪಿಸಿಕೊಳ್ಳುತ್ತಿದೆ ಅಥವಾ ಏನನ್ನು ಬೇಡುತ್ತಿದೆ ಎಂಬುದು ನಿಮಗೇ ಹೊಳೆಯಬಹುದು.

ಮೇಲಿನ ಹುಡುಗನಿಗೆ ಎರಡೇ ಸಾಲು ಕೊಟ್ಟು, ಹಿಂದಿನ ಸಂಜೆ ಅಭ್ಯಾಸ ಮಾಡಿಸಿ. ಕಷ್ಟವಾದರೆ ಕೈಯೆತ್ತಿ ಸಹಾಯ ಕೇಳಬಹುದೆಂದು ಹೇಳಿಕೊಡಿ. ಕೈಯೆತ್ತಿದ ದಿನ ಒಂದು ಒಳ್ಳೆಯ ಮಾತು ಹೇಳಿ. ಹೊಸ ಕ್ರಮ ಆರಂಭಿಸಿದಾಗ ಕೆಲವು ದಿನ ಹಟ ಹೆಚ್ಚಾಗುವುದುಂಟು. ಅಷ್ಟಕ್ಕೇ ಕೈಬಿಡಬೇಡಿ.

ಮೊದಲು ದೇಹದ ಪರೀಕ್ಷೆ

ಮಾನಸಿಕ ತೊಂದರೆ ಎಂದು ತೀರ್ಮಾನಿಸುವ ಮೊದಲು ಮಗುವಿನ ಕಣ್ಣು, ಕಿವಿ ಪರೀಕ್ಷಿಸಿ. ಹಲಗೆಯ ಅಕ್ಷರ ಕಾಣದ, ಹೇಳಿದ್ದು ಕೇಳಿಸದ ಮಗು 'ಮಾತು ಕೇಳದ ಮಗು' ಎನಿಸಿಕೊಳ್ಳುತ್ತದೆ. ಪಾಠದ ನಡುವೆ ಕೆಲವು ಕ್ಷಣ ದಿಟ್ಟಿಸಿ ನೋಡುತ್ತ, ಕರೆದರೂ ಓಗೊಡದಿದ್ದರೆ ಅದು ಮೂರ್ಛೆರೋಗದ ಒಂದು ಬಗೆ ಇರಬಹುದು. ನಿದ್ರೆಯ ಕೊರತೆ, ರಕ್ತಹೀನತೆಗಳೂ ಗಮನವನ್ನು ಕುಂದಿಸುತ್ತವೆ.

ಬೆತ್ತ ಬೇಡ

ಹೊಡೆತದಿಂದ ಭಯ ಹೆಚ್ಚುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 'ಪೆದ್ದ', 'ಪುಂಡ' ಎಂದು ಹೆಸರಿಡುವುದೂ ಏಟಿನಷ್ಟೇ ಕೆಟ್ಟದ್ದು. ಆ ಹೆಸರನ್ನು ಮಗು ನಂಬಿಬಿಡುತ್ತದೆ.

ಲವಲವಿಕೆಯಿಂದಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ, ಒಬ್ಬ ವ್ಯಕ್ತಿಯನ್ನು ಕಂಡರೆ ನಡುಗಿದರೆ, ದೌರ್ಜನ್ಯ ನಡೆದಿರಬಹುದೇ ಎಂದು ಏಕಾಂತದಲ್ಲಿ ಮೃದುವಾಗಿ ವಿಚಾರಿಸಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. 'ಸಾಯಬೇಕು' ಎಂದು ಮಗು ಹೇಳಿದರೆ ಹುಡುಗಾಟವೆಂದು ತಳ್ಳಿಹಾಕದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಾಯುವ ಯೋಚನೆ ಇದೆಯೇ ಎಂದು ನೀವು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಸಲಹೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೋಗುವಾಗ ನೀವು ಬರೆದಿಟ್ಟ ಪುಸ್ತಕವನ್ನು ಮರೆಯದೆ ಕೊಂಡೊಯ್ಯಿರಿ. ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಮಗುವಿಗೆ ತನ್ನ ಸಂಕಟವನ್ನು ಹೇಳಲು ಮಾತು ಸಾಲದು. ಅದು ವರ್ತನೆಯಿಂದ ಹೇಳುತ್ತದೆ. ಕೇಳಿಸಿಕೊಳ್ಳುವ ಹೊಣೆ ಮನೆ, ಶಾಲೆ ಎರಡರದೂ ಆಗಿದೆ.